ಗೋಡೆಯತ್ತ ತಿರುಗಿದವರು

ರಾಜಧಾನಿ ಅಂದ ಕೂಡಲೇ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಈ ಊರು ಹೆಸರಿಗೆ ರಾಜಧಾನಿ, ನಡತೆಯಲ್ಲಿ ನಿವೃತ್ತ ಗುಮಾಸ್ತ. ಶಾಸನಸಭೆ, ಸಚಿವಾಲಯ, ಹೈಕೋರ್ಟು ಎಲ್ಲವೂ ಒಂದೇ ಉದ್ದನೆಯ ರಸ್ತೆಯಲ್ಲಿ ಸಾಲಾಗಿ ಕೂತಿದ್ದವು. ಕಚೇರಿ ಬಿಡುವಾಗ ಆ ರಸ್ತೆಯಲ್ಲಿ ಒಂದಿಷ್ಟು ಹಾರನ್ನುಗಳ ಗಲಾಟೆ. ಆಮೇಲೆ ಅಂಗಡಿಯವರು ಸ್ಟೂಲು ಹೊರಗೆ ಹಾಕಿಕೊಂಡು ಹರಟೆಗೆ ಕೂರುತ್ತಿದ್ದರು. ರಾಜ್ಯದ ದುಡ್ಡು, ಗದ್ದಲ, ಸಿನಿಮಾದವರು ಎಲ್ಲ ಇದ್ದದ್ದು ರೈಲಿನಲ್ಲಿ ಒಂದು ರಾತ್ರಿ ದೂರದ ದೊಡ್ಡ ನಗರದಲ್ಲಿ. ಇಲ್ಲಿದ್ದದ್ದು ಅಗಲವಾದ ಫುಟ್‌ಪಾತು ಮತ್ತು ಕೈಗೆಟಕುವ ಬಾಡಿಗೆ.

ಆ ದೊಡ್ಡ ನಗರದಿಂದಲೇ ಈ ಸಂಸಾರ ಇಲ್ಲಿಗೆ ಬಂದದ್ದು. ಗಂಡ ಲಿಫ್ಟ್ ಮೆಕ್ಯಾನಿಕ್. ಸಚಿವಾಲಯದ ಹೊಸ ಕಟ್ಟಡದ ಲಿಫ್ಟುಗಳನ್ನು ನೋಡಿಕೊಳ್ಳುವ ಗುತ್ತಿಗೆ ಅವನ ಕಂಪನಿಗೆ ಸಿಕ್ಕಿತ್ತು. "ಬೇಸಿಗೆ ಮುಗಿಯೋವರೆಗೆ ಹೋಗಿ ನೋಡು. ಒಗ್ಗಿದ್ರೆ ಅಲ್ಲೇ ಖಾಯಂ, ಇಲ್ಲಾಂದ್ರೆ ವಾಪಸ್ ಬಾ" ಅಂದಿದ್ದರು ಮ್ಯಾನೇಜರ್. ಒಂದು ರೂಮು, ಒಂದು ಅಡುಗೆಮನೆಯ ಹಳೇ ಮನೆಯನ್ನು ಕೈಬಿಡದೆ, ಅಲ್ಲಿ ಚಿಕ್ಕಪ್ಪನ ಮಗನನ್ನು ಕೂರಿಸಿ, ಗಂಡ, ಹೆಂಡತಿ, ಹೈಸ್ಕೂಲಿನ ಮಗಳು, ಅಜ್ಜಿ ನಾಲ್ಕೂ ಜನ ಹೊರಟು ಬಂದರು. ಅಲ್ಲಿ ಒಂದು ರೂಮಿಗೆ ಕೊಡುತ್ತಿದ್ದ ಬಾಡಿಗೆಯಲ್ಲಿ ಇಲ್ಲಿ ಮೂರು ರೂಮು, ದೊಡ್ಡ ಹಾಲ್, ಮೇಲೆ ತಾರಸಿ ಸಿಕ್ಕಿತು.

ಸೊಸೆಗೆ ಬೇಕಾಗಿದ್ದದ್ದು ತಾರಸಿಯಲ್ಲ, ಬಾಗಿಲು. ಮದುವೆಯಾದಾಗಿನಿಂದ ಅವಳು ಬಚ್ಚಲುಮನೆಯದು ಬಿಟ್ಟು ಬೇರೆ ಯಾವ ಬಾಗಿಲಿಗೂ ಚಿಲಕ ಹಾಕಿದವಳಲ್ಲ. ಆ ಬಚ್ಚಲಿನ ಹೊರಗೂ ಯಾರಾದರೂ ಟವೆಲ್ ಹಿಡಿದು "ಆಯ್ತಾ?" ಅನ್ನುತ್ತಲೇ ಇರುತ್ತಿದ್ದರು. ಹೊಸ ಮನೆಗೆ ಬಂದ ದಿನ, ಸಾಮಾನಿನ ಗಂಟುಗಳ ನಡುವೆಯೇ ಅವಳು ತಮ್ಮ ರೂಮಿಗೆ ಹೋಗಿ, ಬಾಗಿಲು ಮುಂದಕ್ಕೆ ತಳ್ಳಿ, ಚಿಲಕ ಹಾಕಿ, ಚಾದರ ಹಾಸದ ಹಾಸಿಗೆಯ ಮೇಲೆ ಕೂತಳು. ಏನೂ ಮಾಡಲಿಲ್ಲ. ಸುಮ್ಮನೆ ಕೂತಳು. ಅದೆಷ್ಟು ಸುಖವಾಯಿತೆಂದರೆ ಅವಳಿಗೇ ಭಯವಾಯಿತು.

ಕೆಲಸವೂ ಬೇಗ ಸಿಕ್ಕಿತು. ದೊಡ್ಡ ನಗರದಲ್ಲಿ ಅವಳು ಹಲ್ಲಿನ ಲ್ಯಾಬಿನಲ್ಲಿದ್ದಳು, ಇಲ್ಲೂ ಅದೇ. ಡಾಕ್ಟರು ಕಳಿಸುವ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ಟು ತಯಾರಿಸುವುದು. ಸರ್ಕಾರಿ ನೌಕರರ ಊರು, ರಿಟೈರಾದವರೇ ಜಾಸ್ತಿ. ಹಲ್ಲಿನ ಸೆಟ್ಟಿಗೆ ಬರವೇ ಇಲ್ಲ. "ಜೀವಮಾನವಿಡೀ ಕೆಳಗಿನವರ ಮೇಲೆ ಹಲ್ಲು ಮಸೆದು ಮಸೆದು ಸವೆಸಿಕೊಂಡಿರ್ತಾರೆ, ನಮಗೆ ಒಳ್ಳೇದಾಯ್ತು" ಅನ್ನುತ್ತಿದ್ದ ಲ್ಯಾಬಿನ ಮಾಲೀಕ. ಲ್ಯಾಬಿನಿಂದ ಮನೆಗೆ ನಡೆದುಕೊಂಡೇ ಬರಬಹುದಿತ್ತು. ಮಧ್ಯಾಹ್ನ ಮನೆಗೆ ಬಂದು ಅತ್ತೆಗೆ ಬಡಿಸಿ, ತಾನೂ ಬಿಸಿಬಿಸಿ ಉಂಡು, ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಕೂತು ವಾಪಸ್ ಹೋಗುತ್ತಿದ್ದಳು. ಅಲ್ಲಾಗಿದ್ದರೆ ಡಬ್ಬಿಯ ತಣ್ಣನೆಯ ಊಟ, ಹೋಗುತ್ತಾ ಬರುತ್ತಾ ಲೋಕಲ್ ರೈಲಿನಲ್ಲಿ ಒಂಟಿಕಾಲಿನ ತಪಸ್ಸು.

ಅತ್ತೆಗೆ ಮಾತ್ರ ಊರು ಹಿಡಿಸಲಿಲ್ಲ. ಊರಿಗಿಂತ ಮನೆ ಹಿಡಿಸಲಿಲ್ಲ. ಹಳೇ ಮನೆಯಲ್ಲಿ ಚಾಪೆಯ ಮೇಲೆ ಕೂತರೆ ಅವರಿಗೆ ಇಡೀ ಸಂಸಾರ ಕಣ್ಣಳತೆಯಲ್ಲಿತ್ತು. ಯಾರು ಸಕ್ಕರೆ ಡಬ್ಬಿಗೆ ಕೈ ಹಾಕಿದರು, ಯಾರು ಓದುವ ನೆಪದಲ್ಲಿ ತೂಕಡಿಸಿದರು, ಎಲ್ಲ ಕೂತಲ್ಲೇ ತಿಳಿಯುತ್ತಿತ್ತು. ಇಲ್ಲಿ ಒಳ್ಳೆಯ ಗಾಳಿ ಬರುವ ರೂಮನ್ನೇ ಅವರಿಗೆ ಕೊಟ್ಟಿದ್ದರು. ಅವರು ಅದರಲ್ಲಿ ಮಲಗುತ್ತಿದ್ದರೇ ಹೊರತು ಇರುತ್ತಿರಲಿಲ್ಲ.

"ಇದೇನು ಮನೆನೋ ಆಸ್ಪತ್ರೆನೋ?" ಅಂದರು ಒಂದು ಸಂಜೆ. "ಒಬ್ಬೊಬ್ಬರೂ ಒಂದೊಂದು ವಾರ್ಡಲ್ಲಿ."

"ಅಮ್ಮಾ, ಜನ ಇಂಥ ಮನೆಗೆ ಬಾಯಿ ಬಿಡ್ತಾರೆ" ಅಂದ ಮಗ.

"ಬಿಡ್ಲಿ. ನಾನು ಇಲ್ಲಿ ಕೂತು ಒಂದು ಮಾತಾಡಿದ್ರೆ, ಉತ್ತರ ಮೂರನೇ ರೂಮಿಂದ ಬರುತ್ತೆ. ಅದೂ 'ಏನು?' ಅಂತ."

ಮೂರನೇ ರೂಮಿನಿಂದ ಮೊಮ್ಮಗಳು ಕೂಗಿದಳು. "ಏನು?"

"ಕೇಳಿದ್ಯಾ?" ಅಂದರು ಅಜ್ಜಿ.

ಸೊಸೆ ನಗು ತಡೆದುಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದಳು. ಅತ್ತೆ ಅವಳ ಕಡೆ ತಿರುಗಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಉದ್ದ ಆಯ್ತು ಅಂತ ಕಾಲು ಉದ್ದ ಆಗುತ್ತಾ?"

"ಕಾಲು ಮಡಚಿಕೊಂಡೇ ಇದ್ರೆ ಜೋಮು ಹಿಡಿಯುತ್ತೆ ಅತ್ತೆ" ಅಂದಳು ಅವಳು.

ಅತ್ತೆಗೆ ಇಷ್ಟು ಮಾತು ಸಾಕು. ಊಟದ ಹೊತ್ತಿಗೆ ಅವರು ಬೆತ್ತದ ಕುರ್ಚಿಯನ್ನು ಹಾಲ್‌ನ ಮೂಲೆಗೆ ಎಳೆದುಕೊಂಡು ಗೋಡೆಯತ್ತ ಮುಖ ಮಾಡಿ ಕೂತುಬಿಟ್ಟರು.

ಇದೊಂದು ಈ ಮನೆಯ ಕಾನೂನು. ಬೇರೆಯವರ ಮನೆಯಲ್ಲಿ ಮುನಿಸು ಬಂದರೆ ಇನ್ನೊಂದು ರೂಮಿಗೆ ಹೋಗುತ್ತಾರೆ. ಒಂದೇ ರೂಮಿನ ಮನೆಯವರು ಹೋಗುವುದೆಲ್ಲಿಗೆ? ಅದಕ್ಕೆ ಅಲ್ಲಿ ಗೋಡೆಯತ್ತ ತಿರುಗಿ ಕೂತವರು ಮನೆಯಲ್ಲಿಲ್ಲ ಅಂತ ಲೆಕ್ಕ. ಅವರನ್ನು ಕರೆಯಬಾರದು, ಮುಟ್ಟಬಾರದು, ಅವರ ಬಗ್ಗೆ ಮಾತೂ ಆಡಬಾರದು. ತಾವಾಗಿ ಈ ಕಡೆ ತಿರುಗಿದಾಗ ಬಂದರು ಅಂತ ಅರ್ಥ. ಒಮ್ಮೆ ಗ್ಯಾಸಿನವನು ಬಂದಾಗ ಮಗ ಹೀಗೆ ಕೂತಿದ್ದ. "ಯಜಮಾನ್ರು?" ಅಂತ ಗ್ಯಾಸಿನವನು ಕೇಳಿದರೆ, ಮೂರಡಿ ದೂರದಲ್ಲಿ ಅವನ ಬೆನ್ನು ಕಾಣುತ್ತಿರುವಾಗಲೇ ಅಜ್ಜಿ, "ಹೊರಗೆ ಹೋಗಿದ್ದಾನೆ" ಅಂದುಬಿಟ್ಟಿದ್ದರು. ಗ್ಯಾಸಿನವನು ಒಮ್ಮೆ ಬೆನ್ನನ್ನೂ ಒಮ್ಮೆ ಅಜ್ಜಿಯನ್ನೂ ನೋಡಿ ಸಿಲಿಂಡರ್ ಇಳಿಸಿ ಹೋಗಿದ್ದ.

ಕಾನೂನು ಮಾಡಿದವರೂ ಅತ್ತೆಯೇ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ತವರಿನ ನೆನಪಾಗಿ ಗೋಡೆಯತ್ತ ತಿರುಗಿ ಅಳುತ್ತಿದ್ದಳು. ಮಾವ ಆಗ ಬದುಕಿದ್ದರು, "ಯಾಕಂತೆ?" ಅಂತ ಎದ್ದುಬಂದರು. ಅತ್ತೆ ಅವರನ್ನು ಅಡ್ಡಗಟ್ಟಿ, "ಅವಳು ಮನೇಲಿಲ್ಲ. ಬಂದ ಮೇಲೆ ಕೇಳಿ" ಅಂದಿದ್ದರು. ಆ ಮನೆಯಲ್ಲಿ ಸೊಸೆಗೆ ಸಿಕ್ಕಿದ ಮೊದಲ ಉಪಕಾರ ಅದು.

ಹೊಸ ಮನೆಯಲ್ಲಿ ಈ ಕಾನೂನಿನ ಅಗತ್ಯವೇ ಇರಲಿಲ್ಲ. ಆದರೆ ಮೂರು ರೂಮು, ಮೂರು ಬಾಗಿಲು ಇದ್ದರೂ ಅತ್ತೆ ಗೋಡೆಯನ್ನು ಬಿಡಲಿಲ್ಲ, ಉಳಿದವರು ಕಾನೂನನ್ನು ಬಿಡಲಿಲ್ಲ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಅನ್ನುತ್ತಾರಲ್ಲ, ಹಾಗೆ.

ಬೇಸಿಗೆ ಮುಗಿಯುತ್ತ ಬಂತು. ಗಂಡ ಮ್ಯಾನೇಜರಿಗೆ ಉತ್ತರ ಹೇಳಬೇಕು. ಅವನದು ಎತ್ತ ತಳ್ಳಿದರೂ ವಾಲುವ ಸ್ವಭಾವ. ಅಮ್ಮನ ಮುಂದೆ "ಹೋಗೋಣ ಬಿಡಮ್ಮ" ಅನ್ನುತ್ತಿದ್ದ; ಹೆಂಡತಿಯ ಮುಂದೆ "ನೋಡೋಣ ಇರು" ಅನ್ನುತ್ತಿದ್ದ. ಮಗಳು ಮಾತ್ರ ಯಾರ ಮುಂದಾದರೂ ಒಂದೇ ಮಾತು: "ನಾನಂತೂ ಇಲ್ಲಿಂದ ಬರಲ್ಲ."

"ನಿನ್ನ ಯಾರು ಕೇಳಿದ್ರು?" ಅನ್ನುತ್ತಿದ್ದ ಅಪ್ಪ.

"ಯಾರೂ ಕೇಳಲ್ಲ ಅಂತಾನೇ ಹೇಳ್ತಿರೋದು."

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅದು ಸಿಡಿಯಿತು. ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಬ್ರೆಡ್ಡಿಗೆ ಕಾಯುತ್ತ ಕೂತಿದ್ದರು. "ಮಳೆ ಬೀಳೋದ್ರೊಳಗೆ ಹೊರಡೋಣ. ಚಿಕ್ಕಪ್ಪನ ಮಗನಿಗೆ ಮನೆ ಖಾಲಿ ಮಾಡೋಕೆ ಹೇಳು" ಅಂದರು.

"ನೀವು ಹೇಳಿದ್ದೇ ಆಗಬೇಕಾ?" ಸೊಸೆ ತವಾದ ಮೇಲಿನ ಬ್ರೆಡ್ಡು ತಿರುವುತ್ತಲೇ ಕೇಳಿದಳು. ಇಷ್ಟು ನೇರವಾಗಿ ಅವಳು ಯಾವತ್ತೂ ಕೇಳಿದವಳಲ್ಲ.

"ನಾನೇನು ಹೇಳಿದೆ? ಒಬ್ಬಳೇ ಇದ್ದೀನಿ ಅಂದೆ."

"ಅಲ್ಲೂ ಒಬ್ಬರೇ ಇರ್ತಿದ್ರಲ್ಲ? ಬೆಳಿಗ್ಗೆ ಹೋದ್ರೆ ನಾವು ಬರ್ತಿದ್ದದ್ದು ರಾತ್ರಿ. ಇಲ್ಲಿ ಮಧ್ಯಾಹ್ನವೂ ಮನೆಗೆ ಬರ್ತೀನಿ ನಾನು."

"ಬರ್ತೀಯ. ಬಂದು ಬಾಗಿಲು ಹಾಕ್ಕೋತೀಯ."

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಬ್ರೆಡ್ಡು ಸೀದುಹೋಯಿತು. ಅತ್ತೆ ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, ಎದ್ದು ಕುರ್ಚಿ ಎಳೆದುಕೊಂಡು ಗೋಡೆಯತ್ತ ತಿರುಗಿದರು. ಅಲ್ಲಿಗೆ ಅವರು ಮನೆಯಲ್ಲಿಲ್ಲ. ಮಗ ಬೂಟು ಹಾಕಿಕೊಂಡು ಹೊರಟ, ಮೊಮ್ಮಗಳು ಸ್ಕೂಲಿನ ಬೇಸಿಗೆ ಕ್ಲಾಸಿಗೆ ಹೊರಟಳು, ಸೊಸೆ ಲ್ಯಾಬಿಗೆ ಹೊರಟಳು.

ಆವತ್ತು ಲ್ಯಾಬಿನಲ್ಲಿ ಒಬ್ಬ ನಿವೃತ್ತ ಕಾರ್ಯದರ್ಶಿಯ ಸೆಟ್ಟಿತ್ತು. ಎಷ್ಟು ಬಿಳಿ ಮಾಡಿದರೂ ಅವರಿಗೆ ಸಾಲದು. ಅದರ ತಲೆಬಿಸಿಯಲ್ಲೇ ಅವಳು ಮಧ್ಯಾಹ್ನ ಮನೆಗೆ ಬಂದಳು. ಅತ್ತೆ ಬೆಳಿಗ್ಗೆ ಕೂತಂತೆಯೇ ಕೂತಿದ್ದರು, ಹಣೆ ಗೋಡೆಗೆ ಒರಗಿತ್ತು. ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡಳು. ತಟ್ಟೆಗೆ ಬಡಿಸಿ, ಮುಚ್ಚಿ, ಸದ್ದಾಗಲೆಂದು ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಟ್ಟಳು. ತಾನು ಉಂಡಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಬೆಳಗಿನ ಜಗಳದ ನಂತರ ಆ ಬಾಗಿಲು ಅವಳಿಗೆ ಇನ್ನೂ ಹಿತವಾಗಿತ್ತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಆಮೇಲೆ ಅತ್ತೆಯ ಬೆನ್ನು ದಾಟಿಕೊಂಡು ಕೆಲಸಕ್ಕೆ ಹೋದಳು.

ಗಂಡ ಮರೆತ ಯಾವುದೋ ಸ್ಪ್ಯಾನರಿಗಾಗಿ ಮನೆಗೆ ಬಂದ, ಬೆನ್ನು ನೋಡಿದ, ಹೋದ. ಮಗಳು ಸ್ಕೂಲಿನಿಂದ ಬಂದು ಬೆನ್ನು ನೋಡಿದಳು, ತುದಿಗಾಲಲ್ಲಿ ತನ್ನ ರೂಮು ಸೇರಿದಳು.

ಕಾನೂನು ಗೊತ್ತಿಲ್ಲದವರು ಎದುರುಮನೆಯ ಟೈಪಿಸ್ಟಮ್ಮ. ಸಚಿವಾಲಯದಲ್ಲಿ ಟೈಪು ಮಾಡಿ ಮಾಡಿ ರಿಟೈರಾದ ಗಟ್ಟಿ ದನಿಯ ಹೆಂಗಸು. ಪಾತ್ರೆ ವಾಪಸ್ ಕೊಡಲು ಬಂದವರು, "ಏನ್ರೀ, ಗೋಡೆ ಹತ್ರ ಏನು ಗುಟ್ಟು ಹೇಳ್ತಿದ್ದೀರಿ?" ಅಂತ ಭುಜ ಹಿಡಿದು ಅಲುಗಿಸಿದರು. ಅಜ್ಜಿ ಪಕ್ಕಕ್ಕೆ ವಾಲಿದರು. ಮೈಯೆಲ್ಲ ತಣ್ಣನೆಯ ಬೆವರು, ಕಣ್ಣು ಅರೆ ತೆರೆದಿತ್ತು. ಟೈಪಿಸ್ಟಮ್ಮನ ಕೂಗಿಗೆ ಬೀದಿಯೇ ಎದ್ದು ಬಂತು.

ಆಸ್ಪತ್ರೆ ಹತ್ತಿರವೇ ಇತ್ತು. ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿದೆ ಅಂದರು; ಮಾತ್ರೆ ನುಂಗಿ ಏನೂ ತಿನ್ನದೇ ಇದ್ದರೆ ಆಗುವುದೇ ಹಾಗೆ. ನರಕ್ಕೆ ಗ್ಲೂಕೋಸು ಹಾಕಿದರು. ಸಂಜೆಯ ಹೊತ್ತಿಗೆ ಅವರು ಕಣ್ಣು ಬಿಟ್ಟರು. ಜೀವಕ್ಕೆ ಅಪಾಯವಿಲ್ಲ ಅಂತ ಗೊತ್ತಾದ ಮೇಲೆ, ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೂವರನ್ನೂ ಹೊರಗೆ ಕರೆದಳು.

"ಕೊನೇದಾಗಿ ಇವರನ್ನ ನೋಡಿದ್ದು ಯಾರು?"

ಮೂವರೂ ಮುಖ ಮುಖ ನೋಡಿಕೊಂಡರು.

"ನಾನು ಮಧ್ಯಾಹ್ನ ನೋಡಿದೆ" ಅಂದಳು ಸೊಸೆ.

"ನಾನು ಆಮೇಲೆ" ಅಂದ ಗಂಡ.

"ನಾನು ಸ್ಕೂಲಿಂದ ಬಂದಾಗ" ಅಂದಳು ಮಗಳು.

"ಅಂದ್ರೆ ಮೂರು ಜನ ನೋಡಿದ್ದೀರಿ. ಮಾತಾಡಿಸಿದ್ದು ಯಾರು?"

"ಅವರು ಗೋಡೆ ಕಡೆ ತಿರುಗಿದ್ರು" ಅಂದ ಗಂಡ.

ಡಾಕ್ಟರಮ್ಮ ಮುಂದಿನ ಮಾತಿಗೆ ಕಾದಳು. "ತಿರುಗಿದ್ರೆ?" ಅಂದಳು.

ತಮ್ಮ ಮನೆಯಲ್ಲಿ ಅಷ್ಟು ಸಹಜವಾದ ಮಾತು, ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ ಹುಚ್ಚರ ಮಾತಿನಂತೆ ಕೇಳಿಸಿತು. ಸೊಸೆಗೆ ತಾನು ತಟ್ಟೆಯನ್ನು ಜೋರಾಗಿ ಇಟ್ಟದ್ದು ನೆನಪಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು.

ಆ ರಾತ್ರಿ ಟೈಪಿಸ್ಟಮ್ಮ ಮೂವರನ್ನೂ ಮನೆಗೆ ಕಳಿಸಿ ತಾವೇ ಆಸ್ಪತ್ರೆಯಲ್ಲಿ ಉಳಿದರು. ಮನೆಯಲ್ಲಿ ಊಟದ ತಟ್ಟೆಯ ಮುಂದೆ ಗಂಡ ಮೊದಲ ಬಾರಿಗೆ ಒಂದೇ ಕಡೆಗೆ ವಾಲಿದ.

"ನಾಳೆ ಮ್ಯಾನೇಜರಿಗೆ ಹೇಳ್ತೀನಿ. ವಾಪಸ್ ಹೋಗೋಣ. ಆ ಮನೆಯಲ್ಲಾಗಿದ್ರೆ ಹೀಗಾಗ್ತಿರಲಿಲ್ಲ."

"ಯಾಕೆ ಆಗ್ತಿರಲಿಲ್ಲ?"

"ಒಂದೇ ರೂಮು. ಕಣ್ಣ ಮುಂದೆ ಇರ್ತಿದ್ರು."

"ಇಲ್ಲೂ ಕಣ್ಣ ಮುಂದೇನೇ ಇದ್ರು ರೀ! ನಾನೂ ನೋಡಿದೆ, ನೀವೂ ನೋಡಿದ್ರಿ."

"ನೀನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ."

"ಹೌದು, ಹಾಕ್ಕೊಂಡೆ. ತಪ್ಪಾಯ್ತು. ನೀವು ಸ್ಪ್ಯಾನರ್ ತಗೊಂಡು ಹೋದ್ರಿ, ಅದು ತಪ್ಪಲ್ವಾ?"

ಮಗಳು ಎದ್ದು ತಟ್ಟೆ ತೊಳೆಯಲು ಹೋದಳು. ನಲ್ಲಿ ಜೋರಾಗಿ ಬಿಟ್ಟಳು.

"ಸರಿ, ನನ್ನದೂ ತಪ್ಪು" ಅಂದ ಗಂಡ. "ಅದಕ್ಕೇ ಹೋಗೋಣ ಅಂತಿರೋದು."

"ನೀವು ಹೋಗಿ. ನಾನು ಬರಲ್ಲ."

ಹೇಳಿದ ಮಾತನ್ನು ಅವಳು ವಾಪಸ್ ತೆಗೆದುಕೊಳ್ಳಲಿಲ್ಲ. ಒಂದು ಊರು, ಒಂದು ಕೆಲಸ, ಒಂದು ಚಿಲಕ. ಜೀವಮಾನದಲ್ಲಿ ಅವಳು ತನಗಾಗಿ ಕೇಳಿದ್ದು ಇಷ್ಟೇ. ಅದೂ ಈಗ ಕೇಳಬಾರದ ಹೊತ್ತಿನಲ್ಲಿ ಕೇಳಿದಂತಾಗಿತ್ತು.

ಅತ್ತೆ ಮನೆಗೆ ಬಂದ ದಿನ ಸೊಸೆ ರಜೆ ಹಾಕಿದಳು. ಗಂಜಿ ಕಾಯಿಸಿ, ಪಕ್ಕದಲ್ಲಿ ಕೂತು, "ಅತ್ತೆ, ನಾನು ಬಂದಾಗ ನಿಮಗೆ ಎಚ್ಚರ ಇತ್ತಾ?" ಅಂತ ಕೇಳಿದಳು. ಕೇಳದೆ ಇರಲು ಅವಳಿಂದ ಆಗಲಿಲ್ಲ.

"ಇತ್ತು. ಬೀಗ ತೆಗೆದ ಸದ್ದು ಕೇಳ್ತು. ಕರೆಯೋಣ ಅಂದ್ರೆ ನಾಲಿಗೆ ಹೊರಳಲಿಲ್ಲ." ಅತ್ತೆ ಒಂದು ಚಮಚ ಗಂಜಿ ನುಂಗಿದರು. "ಬಂದು ಮುಟ್ಟಿ ನೋಡ್ತಾಳೆ ಅಂದುಕೊಂಡೆ. ಆಮೇಲೆ ನೆನಪಾಯ್ತು, ನಾನು ಮನೇಲಿಲ್ಲ ಅಂತ."

ಸೊಸೆ ಅತ್ತಳು. ಅತ್ತೆ ಸಮಾಧಾನ ಮಾಡಲಿಲ್ಲ. "ಉಪ್ಪು ಸಾಲದು" ಅಂತ ಬಟ್ಟಲು ಮುಂದೆ ಮಾಡಿದರು.

ಸಂಜೆ ಮಗ ಬಂದು ಅಮ್ಮನ ಕಾಲ ಬಳಿ ಕೂತ. "ಅಮ್ಮಾ, ನೀನು ಹೇಳಿದ ಹಾಗೇ ಆಗ್ಲಿ. ಮಳೆಗೆ ಮುಂಚೆ ಹೊರಡೋಣ. ಇವಳು ಬರಲ್ಲ ಅಂತಾಳೆ, ನೀನೇ ಒಂದು ಮಾತು ಹೇಳು."

ಗೆದ್ದ ಅತ್ತೆಗೆ ಬಾಯಿ ತೆರೆದು ಒಂದು ಮಾತು ಹೇಳುವುದಷ್ಟೇ ಬಾಕಿ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಈರುಳ್ಳಿ ಹಿಡಿದು ನಿಂತಿದ್ದಳು.

"ಬರಲ್ಲ ಅಂದ್ಯಾ?" ಅಂತ ಅತ್ತೆ ಅವಳನ್ನೇ ಕೇಳಿದರು.

"ಅಂದೆ."

"ನಾವೆಲ್ಲ ಹೋದ್ರೂ?"

"ಹೂಂ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟು ಗಟ್ಟಿ ನೋಡು ಇವಳು" ಅಂದರು. ಬೈಗುಳವೋ ಹೊಗಳಿಕೆಯೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮಗನಿಗೆ ಹೇಳಿದರು: "ಇಲ್ಲೇ ಇರೋಣ ಬಿಡು."

"ಅಮ್ಮಾ! ನೀನೇ ತಾನೇ ಅಷ್ಟು ದಿನದಿಂದ..."

"ಅಂದಿದ್ದೆ. ಆಸ್ಪತ್ರೇಲಿ ಮಲಗಿ ಯೋಚನೆ ಮಾಡಿದೆ. ಅಲ್ಲಿ ಮಧ್ಯಾಹ್ನ ಬಾಗಿಲು ತೆಗೆಯೋರೇ ಇರ್ತಿರಲಿಲ್ಲ. ಇಲ್ಲಿ ಇವಳು ಬಂದು, ನೋಡದೇ ಹೋದ್ಲು. ಬಂದವಳಿಗೆ ನೋಡೋದು ಕಲಿಸಬಹುದು. ಬರದೇ ಇರೋಳಿಗೆ ಏನು ಕಲಿಸ್ಲಿ?"

ಸೊಸೆ ಈರುಳ್ಳಿ ಹೆಚ್ಚಲು ಒಳಗೆ ಹೋದಳು. ಖುಷಿಯಾಗಿತ್ತು, ಆದರೆ ಮುಖ ಎತ್ತಿ ಖುಷಿಪಡುವ ಧೈರ್ಯವಿರಲಿಲ್ಲ.

ಮಗನಿಗೆ ಮಾತ್ರ ಇದು ಸಾಲಲಿಲ್ಲ. ಅವನು ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ಮನುಷ್ಯ. "ಲಿಫ್ಟಿನಲ್ಲಿ ಮೋಟರು, ಹಗ್ಗ ಎಲ್ಲ ಚೆನ್ನಾಗೇ ಇರ್ತವೆ. ತಂಟೆಯೆಲ್ಲ ಬಾಗಿಲಿನದೇ" ಅಂತ ಅವನು ಯಾವಾಗಲೂ ಹೇಳುತ್ತಿದ್ದ. ರಜೆಯ ದಿನ ಬೆಳಿಗ್ಗೆ ಚಹಾ ಕುಡಿದವನೇ ಟೂಲ್‌ಬ್ಯಾಗು ತೆಗೆದ. ಅಮ್ಮನ ರೂಮಿನ ಬಾಗಿಲಿನ ಕೀಲುಗಳ ಸ್ಕ್ರೂ ಬಿಚ್ಚಿ, ಬಾಗಿಲನ್ನು ಎತ್ತಿ ತಾರಸಿಗೆ ಸಾಗಿಸಿದ. ಮಗಳ ರೂಮಿಗೆ ಬಂದಾಗ ಮನೆಯಲ್ಲಿ ರಂಪವಾಯಿತು.

"ಅಪ್ಪಾ, ನಾನು ಬಟ್ಟೆ ಎಲ್ಲಿ ಬದಲಾಯಿಸ್ಲಿ?"

"ಪರದೆ ಕಟ್ಕೋ. ಇನ್ಮೇಲೆ ಈ ಮನೇಲಿ ಯಾರು ಯಾರಿಗೂ ಕಾಣದ ಹಾಗೆ ಇರೋದು ಬೇಡ."

"ಕಂಡ್ರೂ ನೀವು ಮಾತಾಡಿಸಲಿಲ್ವಲ್ಲ!"

ಅವನು ಆ ಬಾಗಿಲನ್ನೂ ಹೊತ್ತೊಯ್ದ. ಅತ್ತೆ ಬೆತ್ತದ ಕುರ್ಚಿಯಲ್ಲಿ, ಈ ಸಲ ಎಲ್ಲರ ಕಡೆ ಮುಖಮಾಡಿ, ಈ ಮೆರವಣಿಗೆ ನೋಡುತ್ತಿದ್ದರು.

ಕೊನೆಗೆ ಅವನು ತಮ್ಮ ರೂಮಿನ ಬಾಗಿಲಿಗೆ ಸ್ಕ್ರೂಡ್ರೈವರ್ ಹಚ್ಚಿದ. ಸೊಸೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಅಲ್ಲೇ ನಿಂತಳು. ಬೇಡ ಅನ್ನಬೇಕೆನಿಸಿತು. ಯಾವ ಬಾಯಲ್ಲಿ ಅನ್ನುವುದು? ಆ ಬಾಗಿಲ ಹಿಂದೆ ತಾನು ಕೂತಿದ್ದಾಗಲೇ ಅಲ್ಲವೇ ಅತ್ತೆ ನಾಲಿಗೆ ಹೊರಳದೆ ಒದ್ದಾಡಿದ್ದು? ಮೇಲಿನ ಕೀಲಿನ ಒಂದು ಸ್ಕ್ರೂ ನೆಲಕ್ಕೆ ಬಿದ್ದು ಉರುಳಿತು. ಅವಳು ಬಗ್ಗಿ ಅದನ್ನು ಎತ್ತಿ ಗಂಡನ ಕೈಗೆ ಕೊಟ್ಟಳು.

"ಏ, ಅದನ್ನ ಬಿಡು" ಅಂದರು ಅತ್ತೆ.

"ಇದೇ ಅಮ್ಮಾ ಮುಖ್ಯವಾದದ್ದು. ಇದನ್ನ ಹಾಕ್ಕೊಂಡೇ ಅಲ್ವಾ ಅವಳು..."

"ಬಿಡು ಅಂದೆ. ನಂಗೆ ಕೈಯಿಲ್ವಾ? ಬೇಕಾದ್ರೆ ತಟ್ತೀನಿ."

"ಅವತ್ತು ತಟ್ಟೋಕೆ ಆಗಲಿಲ್ವಲ್ಲಮ್ಮಾ ನಿಂಗೆ."

"ಅವತ್ತು ನಾನು ಉಪವಾಸ ಮಾಡಿದ್ದು ನನ್ನ ಕೊಬ್ಬಿಗೆ. ಇನ್ನು ಮಾಡಲ್ಲ. ಸ್ಕ್ರೂ ಹಾಕು. ಆ ಹುಡುಗೀದೂ ತಂದು ಹಾಕು, ವಯಸ್ಸಿಗೆ ಬಂದ ಮಗು. ನನ್ನದು ಮೇಲೇ ಇರ್ಲಿ, ನಂಗೆ ಬೇಡ."

ಮಗ ಗೊಣಗಿಕೊಂಡು ಸ್ಕ್ರೂ ತಿರುಗಿಸಿದ. ಮಗಳು ತನ್ನ ಬಾಗಿಲನ್ನು ತಾನೇ ಒಂದು ಕಡೆ ಹಿಡಿದು ಕೆಳಗಿಳಿಸಿಕೊಂಡು ಬಂದಳು. ಟೂಲ್‌ಬ್ಯಾಗು ಒಳಗೆ ಹೋದ ಮೇಲೆ, ಬಟ್ಟೆ ಹರವಿ ಬಂದ ಸೊಸೆ ರೂಮಿಗೆ ಹೋದಳು. ಸ್ವಲ್ಪ ಹೊತ್ತು ಬಾಗಿಲ ಬಳಿಯೇ ನಿಂತಳು. ಆಮೇಲೆ ಮುಂದಕ್ಕೆ ಮಾಡಿ, ಚಿಲಕ ಹಾಕಿ, ಹಾಸಿಗೆಯ ಅಂಚಿನಲ್ಲಿ ಕೂತಳು. ಮೊದಲಿನ ಸುಖ ಬರಲಿಲ್ಲ. ಕಿವಿ ಹೊರಗೇ ಇತ್ತು.

ಹೊರಗೆ ಕುರ್ಚಿ ಸರಿದ ಸದ್ದಾಯಿತು. ಚಪ್ಪಲಿಯಿಲ್ಲದ ಕಾಲುಗಳು ನಿಧಾನವಾಗಿ ಹತ್ತಿರ ಬಂದವು. ಬಾಗಿಲ ಮೇಲೆ ಬೆರಳ ಗೆಣ್ಣಿನ ಸದ್ದು ಬಿತ್ತು. ತಟ್ಟಿ ಅಭ್ಯಾಸವಿಲ್ಲದ ಕೈ. ಒಂದು ಜೋರು, ಒಂದು ಮೆಲ್ಲಗೆ.

ಅವಳು ಎದ್ದು ನಿಂತಳು. "ಏನು ಅತ್ತೆ? ಏನಾದ್ರೂ ಬೇಕಿತ್ತಾ?"

"ಏನಿಲ್ಲ. ಏನು ಮಾಡ್ತಿದ್ದೀಯ?"

ಬಟ್ಟೆ ಮಡಚುತ್ತಿದ್ದೀನಿ ಅನ್ನಬಹುದಿತ್ತು. ಹಳೇ ಮನೆಯಲ್ಲಾಗಿದ್ದರೆ ಹಾಗೇ ಅನ್ನುತ್ತಿದ್ದಳು.

"ಸುಮ್ನೆ ಕೂತಿದ್ದೀನಿ" ಅಂದಳು.

"ಸರಿ, ಕೂತ್ಕೋ" ಅಂದರು ಅತ್ತೆ, ವಾಪಸ್ ಹೋಗಿ ಕುರ್ಚಿಯಲ್ಲಿ ಕೂತರು.